ಒತ್ತು ನುಂಗುವ ಸ್ಟಿಕರ್ ಆ್ಯಪ್: ದಸರೆಯಿಂದ ದಸರೆಗೆ ಬಳಸಿದ ಮೇಲೆ

ಫೋಟೋದಿಂದ ವಾಟ್ಸ್‌ಆ್ಯಪ್ ಸ್ಟಿಕರ್ ಮಾಡಿಕೊಡುವ ಈ ಆ್ಯಪಿಗೆ ಕನ್ನಡದ ಒತ್ತಕ್ಷರ ಕಾಣುವುದಿಲ್ಲ. ಉಳಿದದ್ದು ಆಮೇಲೆ, ಮೊದಲು ಇದನ್ನೇ ಹೇಳಬೇಕು. ಯಾಕೆಂದರೆ ನಾನು ಓದಿದ ಹೊಗಳಿಕೆಗಳಲ್ಲಿ ಒಬ್ಬರೂ ಈ ಮಾತೆತ್ತಿಲ್ಲ. ಕೈಯಲ್ಲಿ ಬರೆದ 'ಸಂಕ್ರಾಂತಿ'ಯ ಫೋಟೋ ಕೊಟ್ಟು ತಾನಾಗಿ ಕತ್ತರಿಸುವ 'ಆಟೊ ಕಟ್' ಬಟನ್ನು ಒತ್ತಿದರೆ ಹೊರಗೆ ಬರುವುದು 'ಸಕಾತಿ'. ಎರಡೂ ಸೊನ್ನೆ ಹೋಗಿರುತ್ತವೆ, ಕಾ ಕೆಳಗಿನ ರ ಒತ್ತೂ ಹೋಗಿರುತ್ತದೆ. 'ಹಬ್ಬ' ಕೊಟ್ಟರೆ 'ಹಬ', 'ಬನ್ನಿ' ಕೊಟ್ಟರೆ 'ಬನಿ'. ಹಬ್ಬದ ದಿನ ಬೆಳಿಗ್ಗೆ ಹಿರಿಯರಿಗೆ ಕಳಿಸುವ ಶುಭಾಶಯ ಹೀಗೆ ಹೋದರೆ ಬರೆದವರ ಹೊಟ್ಟೆ ಉರಿಯುತ್ತದೆ.

ಇಂಥ ಆಟೊ ಕಟ್‌ಗಳು ಅಕ್ಷರಕ್ಕಾಗಿ ಮಾಡಿದವಲ್ಲ. ಕೂಸಿನ ಮುಖ, ಬೆಕ್ಕು, ಗಾಡಿ, ಹೂವು ಇಂಥದ್ದನ್ನು ಫೋಟೋದಿಂದ ಬಿಡಿಸಿ ತೆಗೆಯುವುದು ಅವುಗಳ ಕೆಲಸ. ಚಿತ್ರದಲ್ಲಿ ದೊಡ್ಡದಾಗಿ ಕಾಣುವ ಆಕಾರಗಳನ್ನು ಹಿಡಿದುಕೊಳ್ಳುತ್ತವೆ, ಅವಕ್ಕೆ ಅಂಟದೆ ಬಿಡಿಯಾಗಿ ಬಿದ್ದ ಚೂರುಗಳನ್ನು ಕಸವೆಂದು ಗುಡಿಸಿ ಎಸೆಯುತ್ತವೆ. ಇಂಗ್ಲಿಷಿನಲ್ಲಿ ಬರೆದವರಿಗೆ ಇದರಿಂದ ಹೆಚ್ಚು ನಷ್ಟವಿಲ್ಲ. ಐ ಅಕ್ಷರದ ಮೇಲಿನ ಚುಕ್ಕಿ ಹೋದರೂ ಓದಲು ಬರುತ್ತದೆ. ನಮಗೆ ಒತ್ತು ಹೋದರೆ ಪದವೇ ಹೋಯಿತು. ಆ್ಯಪಿನ ಹೆಸರು ಬರೆಯುತ್ತಿಲ್ಲ, ಇದೇ ಬಗೆಯ ಬೇರೆಯವನ್ನೂ ಹಾಕಿ ನೋಡಿದ್ದೇನೆ, ಕತ್ತರಿಸುವ ರೀತಿ ಹೆಚ್ಚುಕಡಿಮೆ ಒಂದೇ.

ವಾಟ್ಸ್‌ಆ್ಯಪ್ ಸ್ಟಿಕರ್ ಎಂದರೆ 512 ಪಿಕ್ಸೆಲ್ ಚೌಕ, ವೆಬ್‌ಪಿ ಫೈಲು, ಒಂದು ಸ್ಟಿಕರ್ 100 ಕೆಬಿ ದಾಟಬಾರದು, ಪ್ಯಾಕಿನಲ್ಲಿ 3ರಿಂದ 30 ಇರಬೇಕು. ವಾಟ್ಸ್‌ಆ್ಯಪಿನ ಈ ಲೆಕ್ಕವೆಲ್ಲ ಸ್ಟಿಕರ್ ಮಾಡುವವರಿಗೆ ಗೊತ್ತಿರುವುದೇ. ಆ ಅಳತೆಗಳನ್ನೆಲ್ಲ ಆ್ಯಪು ತಾನೇ ಹೊಂದಿಸುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ.

ಸಿದ್ಧ ಸ್ಟಿಕರ್ ಬೇಕಾದಷ್ಟು ಸಿಗುವಾಗ ಕೈಯಲ್ಲಿ ಯಾಕೆ ಬರೆಯಬೇಕು ಎಂದು ಮನೆಯಲ್ಲೂ ಕೇಳಿದರು. ಸಿಗುವುದೆಲ್ಲ 'ದಸರಾ ಹಬ್ಬದ ಹಾರ್ದಿಕ ಶುಭಾಶಯಗಳು'. ನಮ್ಮ ಸಿಂಧನೂರಿನ ಕಡೆ ದಸರೆಯ ದಿನ ಯಾರು ಯಾರಿಗೆ ಹಾರ್ದಿಕ ಶುಭಾಶಯ ಹೇಳುತ್ತಾರೆ? ಸಂಜೆ ಬನ್ನಿ ಎಲೆ ಕೈಗಿಟ್ಟು, ಕಾಲಿಗೆರಗಿ, 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಅನ್ನುತ್ತೇವೆ. ಸಂಕ್ರಾಂತಿಗೆ ಕುಸುರೆಳ್ಳು ಕೊಟ್ಟು ಹೇಳುವ ಮಾತು ಬೇರೆ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲುವ ಹಬ್ಬ, ಅದಕ್ಕಂತೂ ಒಂದು ಸ್ಟಿಕರೂ ನನಗೆ ಎಲ್ಲಿಯೂ ಸಿಗಲಿಲ್ಲ. ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಇರುವ ನಮ್ಮವರಿಗೆ ಬನ್ನಿ ಎಲೆ ಕಳಿಸಲಾಗದು, ಆ ಮಾತನ್ನಾದರೂ ನಮ್ಮ ಮನೆಯ ಕೈಬರಹದಲ್ಲಿ ಕಳಿಸಬೇಕು ಅನ್ನಿಸಿತು. ಫಾಂಟಿನಲ್ಲಿ ಟೈಪ್ ಮಾಡಿಯೂ ಸ್ಟಿಕರ್ ಮಾಡಬಹುದು. 'ಬಾಲೂ ತಮ್ಮ' ಎಂಬ ಫಾಂಟಿನಂಥ ದುಂಡನೆಯ ಚೆಂದದ ಕನ್ನಡ ಫಾಂಟುಗಳು ಪುಕ್ಕಟೆ ಸಿಗುತ್ತವೆ. ಆದರೆ ಅಕ್ಕನಿಗೆ ಅದು ಯಾರು ಬರೆದದ್ದು ಅಂತ ಗುರುತು ಹತ್ತಬೇಕಲ್ಲ.

ಬರೆಯುವ ಕೆಲಸ ರಾತ್ರಿ ಊಟವಾದ ಮೇಲೆ. ಪಾತ್ರೆ ತೊಳೆದು, ಪಡಸಾಲೆಯ ನೆಲ ಒರೆಸಿ, ಹಳೆಯ ಕ್ಯಾಲೆಂಡರಿನ ಹಾಳೆ ಬೋರಲು ಹಾಕಿಕೊಂಡು ಕೂರುತ್ತೇನೆ. ಕ್ಯಾಲೆಂಡರಿನ ಬೆನ್ನಿಗಿಂತ ಒಳ್ಳೆಯ ಕಾಗದ ಈ ಕೆಲಸಕ್ಕೆ ಕಾಣೆ. ದಪ್ಪಗಿದೆ, ನುಣುಪಾಗಿದೆ, ಬಣ್ಣ ಹರಡುವುದಿಲ್ಲ, ದುಡ್ಡೂ ಇಲ್ಲ. ಶಾಲೆಯ ಮಕ್ಕಳು ಬಳಸುವ ಪೋಸ್ಟರ್ ಕಲರ್ ಕಪ್ಪು, ಒಂದು ಚಪ್ಪಟೆ ಬ್ರಷ್ಷು, ಒಂದು ಸಣ್ಣ ದುಂಡು ಬ್ರಷ್ಷು, ಒಂದು ಲೋಟ ನೀರು. ಬಣ್ಣ ಮಜ್ಜಿಗೆಗಿಂತ ಗಟ್ಟಿಯಾಗಿ, ಮೊಸರಿಗಿಂತ ತೆಳ್ಳಗೆ ಇರಬೇಕು. ಚಪ್ಪಟೆ ಬ್ರಷ್ಷನ್ನು ಓರೆಯಾಗಿ ಹಿಡಿದರೆ ತಲೆಕಟ್ಟು ತೆಳುವಾಗಿ ಬಂದು ಹೊಟ್ಟೆಯ ಸುತ್ತು ತಾನಾಗಿ ದಪ್ಪಗಾಗುತ್ತದೆ. ಬ ಅಕ್ಷರದ ತಳಕ್ಕೆ ಬ್ರಷ್ಷು ಬಂದು ತಿರುಗುವಾಗ ಉಸಿರು ಹಿಡಿಯುತ್ತೇನೆ. ಆ ತಿರುವು ಸರಿಯಾಗಿ ಬಿದ್ದ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ಬ್ಯಾಸಗಿಯಲ್ಲಿ ಮಾತ್ರ ರಾತ್ರಿಯೂ ಆಗುವುದಿಲ್ಲ. ರಾಯಚೂರು ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಫ್ಯಾನಿನ ಗಾಳಿಗೆ ಬ್ರಷ್ಷಿನ ತುದಿ ಅಕ್ಷರದ ನಡುವೆಯೇ ಒಣಗಿ ಸೀಳುತ್ತದೆ. ಹಾಗಾಗಿ ಯುಗಾದಿಯ ಅಕ್ಷರ ನಸುಕಿನಲ್ಲಿ ಬರೆದದ್ದು, ಫ್ಯಾನು ಬಂದ್ ಮಾಡಿ.

ಫೋಟೋ ತೆಗೆಯಲು ಬೆಳಗಿನ ಹೊತ್ತು, ಬಾಗಿಲ ಮುಂದಿನ ಕಟ್ಟೆ. ಬಿಸಿಲು ಇನ್ನೂ ನೆಟ್ಟಗೆ ಬಿದ್ದಿರಬಾರದು, ಬೆಳಕು ಮಾತ್ರ ಇರಬೇಕು. ತಡವಾದರೆ ಮೊಬೈಲಿನ ನೆರಳೇ ಹಾಳೆಯ ಮೇಲೆ ಬೀಳುತ್ತದೆ. ಆ ನೆರಳಿನ ಅಂಚನ್ನು ಆ್ಯಪು ಅಕ್ಷರವೆಂದು ತಿಳಿದು ಉಳಿಸಿಕೊಳ್ಳುತ್ತದೆ! ನಿಜವಾದ ಒತ್ತನ್ನು ಎಸೆದು ನೆರಳನ್ನು ಇಟ್ಟುಕೊಳ್ಳುವ ಇದರ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ. ಕೈಯಿಂದ ಕತ್ತರಿಸುವ ಆಯ್ಕೆಯೂ ಇದೆ, ಬೆರಳಿನಿಂದ ಸುತ್ತಲೂ ಗೆರೆ ಎಳೆಯಬೇಕು. ನನ್ನ ಅಗ್ಗದ ಫೋನಿನಲ್ಲಿ ಬೆರಳಿನ ಕೆಳಗೆ ಏನಿದೆ ಎಂದೇ ಕಾಣುವುದಿಲ್ಲ. ಅದರ ಮೇಲೆ ಪ್ರತಿ ಸಲ ಸೇವ್ ಮಾಡಿದಾಗ ಒಂದು ಜಾಹೀರಾತು. ಜಾಹೀರಾತು ಬೇಡವೆಂದರೆ ತಿಂಗಳ ಚಂದಾ, ಅದು ನನ್ನ ಮೊಬೈಲ್ ರೀಚಾರ್ಜಿನ ಹತ್ತಿರಕ್ಕೆ ಬರುತ್ತದೆ. ಹಬ್ಬಕ್ಕೊಮ್ಮೆ ಬಳಸುವವಳಿಗೆ ಅದು ದುಬಾರಿ, ಕೊಡಲಿಲ್ಲ.

ತೆಗೆದುಹಾಕಬೇಕು ಎಂದುಕೊಂಡಿದ್ದ ಆ್ಯಪು ಇನ್ನೂ ಫೋನಿನಲ್ಲಿ ಉಳಿದದ್ದು ನಮ್ಮ ಕಾಕಾನಿಂದ.

ಕಾಕಾ ಟ್ರ್ಯಾಕ್ಟರ್ ಟ್ರಾಲಿಗೆ ಅಕ್ಷರ ಬರೆಯುವವರು. ಒಂದು ಕಾಲಕ್ಕೆ ಅಂಗಡಿ ಬೋರ್ಡು, ಗೋಡೆ ಬರಹ ಎಲ್ಲವೂ ಇತ್ತು. ಫ್ಲೆಕ್ಸ್ ಬಂದು ಬೋರ್ಡಿನ ಕೆಲಸ ಹೋಯಿತು. ಟ್ರಾಲಿ ಉಳಿದಿದೆ, ಯಾಕೆಂದರೆ ಭತ್ತದ ಚೀಲ ಉಜ್ಜುವ ತಗಡಿನ ಮೇಲೆ ಫ್ಲೆಕ್ಸ್ ನಿಲ್ಲುವುದಿಲ್ಲ, ಎನಾಮಲ್ ಪೇಂಟು ನಿಲ್ಲುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಈ ನಾಡಿನಲ್ಲಿ ಟ್ರ್ಯಾಕ್ಟರಿಗೆ ಬರವಿಲ್ಲ. ಮನೆದೇವರ ಹೆಸರು ಬರೆದು ಮುಂದೆ 'ಪ್ರಸನ್ನ' ಬರೆಯದ ಟ್ರಾಲಿ ಕಡಿಮೆ. ಆ ಒಂದು ಪದದಲ್ಲೇ ರ ಒತ್ತೂ ಇದೆ, ನ ಒತ್ತೂ ಇದೆ, ಕಾಕಾನ ಜೀವಮಾನವೆಲ್ಲ ಅದನ್ನು ಬರೆಯುವುದರಲ್ಲೇ ಹೋಗಿದೆ.

'ಬನಿ' ಆಗಿದ್ದ ಸ್ಟಿಕರ್ ತೋರಿಸಿದೆ. ಫೋನು ದೂರ ಹಿಡಿದು ನೋಡಿದರು. ನನ್ನ ಕ್ಯಾಲೆಂಡರ್ ಹಾಳೆಯನ್ನೂ ನೋಡಿದರು.

"ಒತ್ತು ಅಷ್ಟು ದೂರ ಬಿಟ್ರ ಕಳದು ಹೋಗ್ತೈತಿ ಯವ್ವಾ. ತಾಯಿ ಕಂಕುಳಾಗ ಕೂಸು ಕುಂತಂಗ ಕುಂದ್ರಬೇಕು. ಹಂಗ ಬರಿ, ಆಮ್ಯಾಲೆ ಯಾವ ಮಷೀನು ಕಿತ್ತುಕೊಂತೈತಿ ನೋಡಮು."

"ಸೊನ್ನೀಗೆ ಏನ್ ಮಾಡ್ಲಿ ಕಾಕಾ? ಅದನ್ನ ಅಂಟಿಸಾಕ ಬರಂಗಿಲ್ಲಲ್ಲ."

"ಹಿಂದ ಪಟ್ಟಿ ಹೊಡಿ."

ಟ್ರಾಲಿಯ ಅಕ್ಷರಗಳನ್ನು ನೋಡಿದವರಿಗೆ ಈ ಪಟ್ಟಿ ಗೊತ್ತು. ಕೆಂಪು ಅಕ್ಷರದ ಹಿಂದೆ ಹಳದಿ ಬಣ್ಣದ ಅಗಲವಾದ ಬಳಿತ, ಅದರ ಸುತ್ತ ಬಿಳಿ ಅಂಚು. ಎಷ್ಟು ದೂಳು ಕೂತರೂ, ಎಷ್ಟು ದೂರದಿಂದ ನೋಡಿದರೂ ಹೆಸರು ಓದಲು ಬರಲಿ ಎಂದು ಮಾಡುವುದು. ಅದನ್ನೇ ಸ್ಟಿಕರಿಗೆ ತಂದೆ. ಮೊದಲು ಹಾಳೆಯ ಮೇಲೆ ಅರಿಶಿನ ಬಣ್ಣದ ಪಟ್ಟಿ ಬಳಿದು ಒಣಗಲು ಬಿಡುವುದು, ಅದರ ಮೇಲೆ ಗಾಢ ಕೆಂಪಿನಲ್ಲಿ ಅಕ್ಷರ. ಅಂಚುಗಳನ್ನು ಅಕ್ಷರದ ಏರಿಳಿತಕ್ಕೆ ತಕ್ಕಂತೆ ಬಳುಕಿಸಿದ್ದೇನೆ, ಡಬ್ಬಿಯ ಲೇಬಲ್ಲಿನ ಹಾಗೆ ಕಾಣದಿರಲೆಂದು. ಈಗ ಆಟೊ ಕಟ್‌ಗೆ ಕಾಣುವುದು ಇಡೀ ಪಟ್ಟಿ ಒಂದೇ ತುಂಡಾಗಿ. ಸೊನ್ನೆ, ಒತ್ತು, ದೀರ್ಘ ಯಾವುದೂ ಪಟ್ಟಿಯಿಂದ ಹೊರಗಿಲ್ಲ, ಯಾವುದೂ ಹೋಗುವುದಿಲ್ಲ. ಹಾಳೆಯ ಬಿಳುಪಿನಿಂದ ಹಳದಿ ಚೆನ್ನಾಗಿ ಬೇರೆಯಾಗುವುದರಿಂದ ಕತ್ತರಿಸಿದ ಅಂಚೂ ನೀಟಾಗಿ ಬರುತ್ತದೆ. ಆ್ಯಪು ಅದೇ, ಬಟನ್ನು ಅದೇ. 'ಬನ್ನಿ' ಪೂರ್ತಿ 'ಬನ್ನಿ'ಯಾಗಿ ಬಂದಾಗ ಕಾಕಾನಿಗೆ ತೋರಿಸಲು ಫೋನು ಹಿಡಿದುಕೊಂಡೇ ಓಡಿದೆ.

ಇನ್ನೊಂದು ತೊಂದರೆಯೂ ಈ ಪಟ್ಟಿಯಿಂದಲೇ ಬಗೆಹರಿಯಿತು. ಡಾರ್ಕ್ ಮೋಡ್ ಹಾಕಿಕೊಂಡವರ ಫೋನಿನಲ್ಲಿ ಕಪ್ಪು ಅಕ್ಷರದ ಸ್ಟಿಕರ್ ಹಿನ್ನೆಲೆಯಲ್ಲಿ ಮುಳುಗಿ ಹೋಗುತ್ತದೆ. ಅದಕ್ಕೇ ವಾಟ್ಸ್‌ಆ್ಯಪಿನವರು ಸ್ಟಿಕರ್ ಮಾಡುವವರಿಗೆ ಸುತ್ತ 8 ಪಿಕ್ಸೆಲ್ ಬಿಳಿ ಗೆರೆ ಹಾಕಿ ಎಂದು ಸಲಹೆ ಕೊಡುತ್ತಾರೆ. ಟ್ರಾಲಿಯ ಬಿಳಿ ಅಂಚೂ ಅದೇ ಕೆಲಸ ಮಾಡುತ್ತದೆ. ಈ ಬಿಳಿ ಗೆರೆಯನ್ನು ನಮ್ಮ ಆ್ಯಪು ಬಟನ್ನು ಒಂದು ಸಲ ಒತ್ತಿದರೆ ಹಾಕಿಕೊಡುತ್ತದೆ, ದಪ್ಪವೂ ಎಲ್ಲ ಕಡೆ ಒಂದೇ. ಅದು ಈ ಆ್ಯಪಿನ ನಿಜವಾದ ಒಳ್ಳೆಯ ಗುಣ.

ಪಟ್ಟಿ ಬೇಡ, ಬರಿಯ ಅಕ್ಷರವೇ ಬೇಕು ಎನ್ನುವವರು ಕತ್ತರಿಸುವ ಕೆಲಸವನ್ನು ಈ ಆ್ಯಪಿಗೆ ಕೊಡಲೇಬೇಡಿ. ಚಿತ್ರ ಬಿಡಿಸುವ ಆ್ಯಪಾದ ಐಬಿಸ್ ಪೇಂಟ್‌ನಲ್ಲಿ ಫೋಟೋ ತೆರೆಯುವಾಗ ಗೆರೆಗಳನ್ನಷ್ಟೇ ಎತ್ತಿಕೊಳ್ಳಲೇ ಎಂದು ಕೇಳುತ್ತದೆ. ಹೌದು ಅಂದರೆ ಹಾಳೆಯ ಬಿಳುಪೆಲ್ಲ ಮಾಯವಾಗಿ ಕಪ್ಪು ಮಾತ್ರ ಉಳಿಯುತ್ತದೆ, ಸೊನ್ನೆ ಒತ್ತು ಸಮೇತ. ಅದು ವಸ್ತು ಯಾವುದು ಎಂದು ಹುಡುಕುವುದಿಲ್ಲ, ಎಲ್ಲಿ ಕಪ್ಪಿದೆ ಎಲ್ಲಿ ಬಿಳುಪಿದೆ ಎಂದಷ್ಟೇ ನೋಡುತ್ತದೆ. ಅಲ್ಲಿಂದ ಹಿನ್ನೆಲೆ ಇಲ್ಲದ ಪಾರದರ್ಶಕ ಪಿಎನ್‌ಜಿ ಮಾಡಿ ಉಳಿಸಿ, ಸ್ಟಿಕರ್ ಆ್ಯಪಿಗೆ ತಂದರೆ ಆಟೊ ಕಟ್‌ನ ಹಂಗೇ ಇಲ್ಲ. ಪುಕ್ಕಟೆಯಾಗಿಯೇ ಇಷ್ಟೂ ಆಗುತ್ತದೆ.

ಗಾತ್ರದ ಬಗ್ಗೆ ಒಂದು ಮಾತು. ಚಾಟಿನಲ್ಲಿ ಸ್ಟಿಕರ್ ಕಾಣುವುದು ಎರಡು ಹೆಬ್ಬೆರಳಿನ ಅಗಲ. ಆ ಅಳತೆಗೆ ಇಳಿದಾಗ ಮೊದಲು ಹೋಗುವುದು ಮಹಾಪ್ರಾಣದ ಸೀಳು. 'ಶುಭ' ಬರೆದಿದ್ದು 'ಶುಬ' ಎಂದು ಕಾಣುತ್ತದೆ. ಭ ಕೆಳಗಿನ ಸೀಳನ್ನು ಹಾಳೆಯ ಮೇಲೆ ಅತಿಯಾಯಿತು ಅನ್ನಿಸುವಷ್ಟು ದೊಡ್ಡದಾಗಿ ಬಿಡಿಸಿದರೆ ಫೋನಿನಲ್ಲಿ ಸರಿಯಾಗಿ ಕಾಣುತ್ತದೆ. 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಪೂರ್ತಿ ಮಾತನ್ನು ಒಂದೇ ಗಾತ್ರದಲ್ಲಿ ತುಂಬಿದರೆ ಯಾವುದೂ ಓದಲು ಬರುವುದಿಲ್ಲ. 'ಬನ್ನಿ' ಮತ್ತು 'ಬಂಗಾರ' ದೊಡ್ಡದು, ಉಳಿದದ್ದು ಅವುಗಳ ಸಂದಿಯಲ್ಲಿ ಸಣ್ಣದು. ಓದುವವರಿಗೆ ಮಾತು ಬಾಯಿಪಾಠ ಇರುವುದರಿಂದ ಅಷ್ಟು ಸಾಕು. ಒಣ ಬ್ರಷ್ಷಿನ ಬಿರಿದ ಗೆರೆ ನನಗೆ ಬಹಳ ಇಷ್ಟ, ಆದರೆ ಆ ಬಿರುಕು, ಕಾಗದದ ಕಣ ಇವೆಲ್ಲ ಫೈಲಿನ ತೂಕ ಏರಿಸುತ್ತವೆ. 100 ಕೆಬಿಗೆ ಇಳಿಸಲು ಆ್ಯಪು ಗುಣಮಟ್ಟ ತಗ್ಗಿಸುತ್ತದೆ, ಅಂಚಿನಲ್ಲಿ ದೂಳು ಕೂತಂತಾಗುತ್ತದೆ. ಗಟ್ಟಿಯಾಗಿ ಬಳಿದ ಒಂದೇ ಬಣ್ಣ ಹಗುರವಾಗಿ ಉಳಿಯುತ್ತದೆ, ಅಂಚೂ ಚೊಕ್ಕ. ಕುಣಿಯುವ ಸ್ಟಿಕರ್ ನಾನು ಮಾಡುವುದಿಲ್ಲ, ಅಕ್ಷರ ನಿಂತಿರಬೇಕು.

ಬೆಂಗಳೂರಿನ ಅಳಿಯನಿಗೆ ಟೆಲಿಗ್ರಾಂ ಬೇಕಿತ್ತು. ಅಲ್ಲಿ ಆ್ಯಪೇ ಬೇಡ, ಚಾಟಿನಲ್ಲೇ ತಾನಾಗಿ ಉತ್ತರಿಸುವ ಅವರದೇ ಸ್ಟಿಕರ್ಸ್ ಬಾಟ್‌ಗೆ 512 ಪಿಕ್ಸೆಲ್ ಫೈಲು ಕಳಿಸಿ, ಒಂದು ಇಮೋಜಿ ಹೇಳಿದರೆ ಪ್ಯಾಕು ಸಿದ್ಧವಾಗಿ ಲಿಂಕು ಸಿಗುತ್ತದೆ. ಆ ಒಂದು ಲಿಂಕನ್ನು ಎಷ್ಟು ಜನಕ್ಕಾದರೂ ಹಂಚಬಹುದು. ವಾಟ್ಸ್‌ಆ್ಯಪಿನಲ್ಲಿ ನಮ್ಮವರು ಬಂದ ಸ್ಟಿಕರನ್ನು ಒತ್ತಿ ಫೇವರಿಟ್‌ಗೆ ಹಾಕಿಕೊಂಡು ಮುಂದೆ ಕಳಿಸುತ್ತಾರೆ, ಅದಕ್ಕೆ ಅವರ ಫೋನಿನಲ್ಲಿ ಈ ಆ್ಯಪು ಇರಬೇಕಾಗಿಯೂ ಇಲ್ಲ.

ಈ ದಸರೆಯಲ್ಲಿ ಬನ್ನಿ ಸ್ಟಿಕರ್ ನಮ್ಮ ಮನೆಯ ಗ್ರೂಪಿನಿಂದ ಹೊರಟು, ಅಕ್ಕನ ಗಂಡನ ಆಫೀಸಿನ ಗ್ರೂಪಿಗೆ ಹೋಗಿ, ಮಸ್ಕಿಯ ನನ್ನ ಗೆಳತಿಯ ಮೂಲಕ ನನಗೇ ವಾಪಸು ಬಂತು. ಯಾರು ಮಾಡಿದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಬಹಳ ಖುಷಿಯಾಯಿತು. ಕಾಕಾ ಈಗ ತಾವೇ ಬರೆದುಕೊಡುತ್ತಾರೆ. ಎಳ್ಳಮಾಸಿಗೆ ಚರಗದ ಸ್ಟಿಕರು ಅವರದೇ ಕೈಯದು. 'ಎಳ್ಳು' ಬರೆಯುವಾಗ ಳ ಒತ್ತನ್ನು ಅವರು ಕೊಂಬಿನ ಬಾಲದೊಳಗೆ ಸೇರಿಸಿದ ರೀತಿಯನ್ನು ಯಾವ ಫಾಂಟಿನಲ್ಲೂ ನಾನು ನೋಡಿಲ್ಲ.

ಐದರಲ್ಲಿ ಮೂರು ಚುಕ್ಕಿ ಕೊಟ್ಟಿದ್ದೇನೆ. ಒಂದನ್ನು ಕಳೆದದ್ದು ಜಾಹೀರಾತಿಗೆ, ಇನ್ನೊಂದನ್ನು ಒತ್ತಿಗೆ. ಆ್ಯಪಿನವರಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, 'ಸಕಾತಿ'ಯ ಚಿತ್ರ ಸೇರಿಸಿ ಕಳಿಸಿದ್ದೇನೆ: ಆಟೊ ಕಟ್‌ನಲ್ಲಿ ಸಣ್ಣ ತುಂಡುಗಳನ್ನೂ ಉಳಿಸಿಕೊಳ್ಳುವ ಒಂದು ಆಯ್ಕೆ ಕೊಡಿ ಎಂದು. ಕನ್ನಡಕ್ಕೆ ಮಾತ್ರವಲ್ಲ, ತೆಲುಗಿಗೂ ಇದೇ ಪಾಡು, ಅಲ್ಲಿಯೂ ಒತ್ತು ಕೆಳಗೇ ಬರುತ್ತದೆ. ಈ ಆ್ಯಪು ಬಳಸುವ ಉಳಿದವರೂ ಬರೆದರೆ ಬೇಗ ಆದೀತು. ಅಲ್ಲಿಯವರೆಗೆ ಪಟ್ಟಿ ಹೊಡೆದೇ ಬರೆಯಿರಿ.