ಭಾರತೀಯ ತಾಂತ್ರಿಕ ಶಿಕ್ಷಣ ಸಂಘದ ಆಜೀವ ಸದಸ್ಯತ್ವ: ಒಬ್ಬ ಅಧ್ಯಾಪಕನ ವಿಮರ್ಶೆ

ಪ್ರೌಢಶಾಲೆಯಲ್ಲಿ ಪಾಠ ಹೇಳಬೇಕೆಂದರೆ ಬಿ.ಎಡ್. ಬೇಕು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಉಪನ್ಯಾಸಕನಾಗಲು ಎಂ.ಟೆಕ್. ಇದ್ದರೆ ಸಾಕು, ಪಾಠ ಹೇಳುವುದು ಹೇಗೆ, ಪ್ರಶ್ನೆಪತ್ರಿಕೆ ತೆಗೆಯುವುದು ಹೇಗೆ, ಹಿಂದಿನ ಬೆಂಚಿನಲ್ಲಿ ಕೂತ ವಿದ್ಯಾರ್ಥಿಗೆ ಅರ್ಥವಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂಬುದನ್ನು ಅಲ್ಲಿಯವರೆಗೆ ಯಾರೂ ಕಲಿಸಿರುವುದಿಲ್ಲ. ನಾನು ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದ ವಾರವೇ ವಿಭಾಗದ ಮುಖ್ಯಸ್ಥರು ಕರೆದು, 'ಮೊದಲು ಐಎಸ್‌ಟಿಇ ಫಾರಂ ತುಂಬಿ ಕೊಡಿ' ಎಂದರು. ಅದು ಈ ಸಂಘದ ಸದಸ್ಯತ್ವದ ಅರ್ಜಿ. ಏಕೆ ಎಂದು ಕೇಳುವ ಧೈರ್ಯವಿರಲಿಲ್ಲ. ಮಾನ್ಯತೆ ಸಮಿತಿಯವರು ಬರುವವರಿದ್ದರು, ಸದಸ್ಯರ ಪಟ್ಟಿ ಉದ್ದವಾಗಬೇಕಿತ್ತು ಎಂಬುದು ಆಮೇಲೆ ತಿಳಿಯಿತು. ಹೀಗೆ ಒತ್ತಾಯಕ್ಕೆ ಕಟ್ಟಿದ ಹಣ ನನ್ನ ವೃತ್ತಿಯಲ್ಲಿ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬಂದಿತು, ಎಲ್ಲಿ ಬರಲಿಲ್ಲ ಎಂಬುದನ್ನು, ಈಗ ಅದೇ ಫಾರಂ ಕೈಯಲ್ಲಿ ಹಿಡಿದಿರುವ ಹೊಸ ಉಪನ್ಯಾಸಕರಿಗಾಗಿ ಬರೆಯುತ್ತಿದ್ದೇನೆ.

ಐಎಸ್‌ಟಿಇ ಎಂದರೆ ಇಂಡಿಯನ್ ಸೊಸೈಟಿ ಫಾರ್ ಟೆಕ್ನಿಕಲ್ ಎಜುಕೇಶನ್. ಇದೇ ನಾಲ್ಕು ಅಕ್ಷರಗಳ ಅಮೆರಿಕದ ಸಂಸ್ಥೆಯೊಂದಿದೆ. ಅದು ಶಾಲೆಗಳಲ್ಲಿ ಕಂಪ್ಯೂಟರ್ ತಂತ್ರಜ್ಞಾನದ ಬಳಕೆಗೆ ಸಂಬಂಧಿಸಿದ್ದು, ನಮ್ಮದಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಸಂಘದ ಬೇರು 1941ರಲ್ಲಿದೆ. ಆಗ ಅದು ತಾಂತ್ರಿಕ ಸಂಸ್ಥೆಗಳ ಪ್ರಾಂಶುಪಾಲರ ಸಂಘವಾಗಿತ್ತು. 1968ರಲ್ಲಿ ಹೆಸರನ್ನೂ ಸ್ವರೂಪವನ್ನೂ ಬದಲಿಸಿಕೊಂಡು ಎಲ್ಲ ಅಧ್ಯಾಪಕರಿಗೂ ಬಾಗಿಲು ತೆರೆಯಿತು. ನನ್ನ ಮಟ್ಟಿಗೆ ಈ ಸಂಘದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ, ಏಕೆಂದರೆ ಪಾಲಿಟೆಕ್ನಿಕ್‌ನ ಕಿರಿಯ ಉಪನ್ಯಾಸಕನೂ ಐಐಟಿಯ ಪ್ರಾಧ್ಯಾಪಕನೂ ಒಂದೇ ಸದಸ್ಯತ್ವದ ಅಡಿಯಲ್ಲಿ ಕೂರುವ ಅವಕಾಶ ನಮ್ಮ ದೇಶದಲ್ಲಿ ಬೇರೆಲ್ಲೂ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಕೇಂದ್ರ ಕಚೇರಿ ದೆಹಲಿಯ ಐಐಟಿ ಆವರಣದಲ್ಲಿದೆ, ರಾಜ್ಯಗಳಿಗೆ ವಿಭಾಗಗಳಿವೆ, ಕಾಲೇಜುಗಳಲ್ಲಿ ಅಧ್ಯಾಪಕರ ಘಟಕ ಮತ್ತು ವಿದ್ಯಾರ್ಥಿ ಘಟಕಗಳಿವೆ. ಆಜೀವ ಸದಸ್ಯರ ಸಂಖ್ಯೆ ಲಕ್ಷವನ್ನು ಮೀರಿದೆ. ಶುಲ್ಕ ಒಮ್ಮೆ ಕಟ್ಟಿದರೆ ಮುಗಿಯಿತು, ವರ್ಷವರ್ಷವೂ ನವೀಕರಿಸುವ ಗೋಜಿಲ್ಲ. 'ಎಲ್‌ಎಂ' ಎಂದು ಶುರುವಾಗುವ ಸದಸ್ಯತ್ವ ಸಂಖ್ಯೆಯನ್ನು ಜೋಪಾನವಾಗಿ ಬರೆದಿಟ್ಟುಕೊಳ್ಳಿ. ಮುಂದೆ ಎಷ್ಟೋ ಅರ್ಜಿಗಳಲ್ಲಿ ಅದನ್ನು ಕೇಳುತ್ತಾರೆ.

ಕಟ್ಟಿದ ಹಣ ಸಾರ್ಥಕವಾಯಿತು ಎಂದು ನನಗೆ ಮೊದಲು ಅನ್ನಿಸಿದ್ದು ಐಐಟಿ ಬಾಂಬೆಯವರು ಐಎಸ್‌ಟಿಇ ಹೆಸರಿನಲ್ಲಿ ನಡೆಸಿದ ಕಾರ್ಯಾಗಾರದಲ್ಲಿ. ಕೇಂದ್ರ ಸರ್ಕಾರದ ಹಣಕಾಸಿನಿಂದ ಹತ್ತು ಸಾವಿರ ಅಧ್ಯಾಪಕರಿಗೆ ತರಬೇತಿ ಕೊಡುವ ಯೋಜನೆಯದು. ಮುಂಬೈಯಲ್ಲಿ ನಡೆಯುವ ಉಪನ್ಯಾಸವನ್ನು, ಅಮೃತಾ ವಿಶ್ವವಿದ್ಯಾಲಯ ರೂಪಿಸಿದ ಎ-ವ್ಯೂ ಎಂಬ ತಂತ್ರಾಂಶದ ಮೂಲಕ, ದೇಶದ ನಾನಾ ಕಡೆಯ ಕಾಲೇಜುಗಳಲ್ಲಿ ಏರ್ಪಡಿಸಿದ್ದ ದೂರಕೇಂದ್ರಗಳಲ್ಲಿ ಕೂತು ನೋಡುತ್ತಿದ್ದೆವು. ಸಂದೇಹ ಬಂದರೆ ನಮ್ಮ ಕೇಂದ್ರದ ಮೈಕಿನಿಂದಲೇ ನೇರವಾಗಿ ಕೇಳಬಹುದಿತ್ತು. ಆನ್‌ಲೈನ್ ತರಗತಿ ಎಂಬುದು ಮನೆಮಾತಾಗುವುದಕ್ಕೆ ಎಷ್ಟೋ ಮೊದಲಿನ ಕಾಲ ಅದು. ಪ್ರತಿ ಕೇಂದ್ರದ ಸಂಯೋಜಕರಿಗೆ ಮುಂಚೆಯೇ ಮುಂಬೈಯಲ್ಲಿ ತರಬೇತಿ ಕೊಟ್ಟಿದ್ದರಿಂದ ನಮ್ಮ ಮುಂದೆ ನಿಂತವರು ಬರೀ ಪರದೆಯ ಸ್ವಿಚ್ಚು ಹಾಕುವವರಾಗಿರಲಿಲ್ಲ.

ನಾನು ಹೋಗಿದ್ದು ಥರ್ಮೊಡೈನಾಮಿಕ್ಸ್ ಕಾರ್ಯಾಗಾರಕ್ಕೆ. ಉಪನ್ಯಾಸಗಳಿಗಿಂತ ಹೆಚ್ಚು ನೆನಪಿನಲ್ಲಿರುವುದು ಮಧ್ಯಾಹ್ನದ ಟ್ಯುಟೋರಿಯಲ್, ಏಕೆಂದರೆ ಅಲ್ಲಿ ಲೆಕ್ಕಗಳನ್ನು ನಾವೇ ಬಿಡಿಸಬೇಕಿತ್ತು. ಒಂದು ದಿನ, ಶಾಖ, ಕೆಲಸ ಮತ್ತು ವ್ಯವಸ್ಥೆಯ ಒಳಶಕ್ತಿಯ ಬದಲಾವಣೆಗಳ ಸಂಬಂಧ ಹೇಳುವ ಮೊದಲನೆಯ ನಿಯಮದ ಲೆಕ್ಕದಲ್ಲಿ ನಮ್ಮ ಮೇಜಿನ ಐದು ಜನರಿಗೆ ಎರಡು ಬೇರೆ ಉತ್ತರ ಬಂದವು. ವಿಚಾರಿಸಿದಾಗ ತಪ್ಪು ಲೆಕ್ಕದಲ್ಲಿರಲಿಲ್ಲ, ಚಿಹ್ನೆಯಲ್ಲಿತ್ತು. ಎಂಜಿನಿಯರಿಂಗ್ ಪುಸ್ತಕಗಳು ವ್ಯವಸ್ಥೆಯಿಂದ ಹೊರಗೆ ಹೋಗುವ ಕೆಲಸವನ್ನು ಧನಾತ್ಮಕವೆಂದು ಹಿಡಿದು ಶಾಖದಿಂದ ಕೆಲಸವನ್ನು ಕಳೆಯುತ್ತವೆ. ರಸಾಯನಶಾಸ್ತ್ರದ ಪುಸ್ತಕಗಳು ವ್ಯವಸ್ಥೆಯ ಮೇಲೆ ಆಗುವ ಕೆಲಸವನ್ನು ಧನಾತ್ಮಕವೆಂದು ಹಿಡಿದು ಎರಡನ್ನೂ ಕೂಡಿಸುತ್ತವೆ. ಪಿಯುಸಿಯಲ್ಲಿ ಒಂದು ಬಗೆ ಕಲಿತು ಬಂದ ಹುಡುಗನಿಗೆ ನಾವು ಒಂದು ಮಾತೂ ಹೇಳದೆ ಇನ್ನೊಂದು ಬಗೆಯನ್ನು ಬೋರ್ಡಿನ ಮೇಲೆ ಬರೆಯುತ್ತೇವೆ, ಅವನು ಉತ್ತರ ತಪ್ಪಿದರೆ ಓದಿಲ್ಲ ಎನ್ನುತ್ತೇವೆ. ಆ ಮಧ್ಯಾಹ್ನದ ನಂತರ ಈ ವಿಷಯದ ಮೊದಲ ತರಗತಿಯನ್ನು ನಾನು ಈ ಎರಡು ಪದ್ಧತಿಗಳನ್ನು ಅಕ್ಕಪಕ್ಕ ಬರೆಯದೆ ಆರಂಭಿಸಿದ್ದಿಲ್ಲ. ಒಂದೇ ವಿಷಯವನ್ನು ಬೇರೆಬೇರೆ ಊರುಗಳಲ್ಲಿ ಹೇಳಿಕೊಡುವವರು ಒಂದು ಮೇಜಿಗೆ ಕೂತಾಗ ಮಾತ್ರ ಇಂಥವು ಕಣ್ಣಿಗೆ ಬೀಳುತ್ತವೆ. ಸಂಘದಿಂದ ನನಗೆ ಸಿಕ್ಕ ನಿಜವಾದ ಲಾಭ ಇದು. ಸರ್ಟಿಫಿಕೇಟ್ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ಇನ್ನು ಕಾಲೇಜು ಮಟ್ಟದ ಘಟಕಗಳ ಮಾತು. ಇಲ್ಲಿ ನನ್ನ ಅನುಭವ ಏಕರೂಪವಾಗಿಲ್ಲ. ನಾನು ಮೊದಲು ಕೆಲಸ ಮಾಡಿದ ಕಾಲೇಜಿನಲ್ಲಿ ವಿದ್ಯಾರ್ಥಿ ಘಟಕದ ಶುಲ್ಕವನ್ನು ಪ್ರವೇಶದ ಸಮಯದಲ್ಲೇ ವಸೂಲು ಮಾಡುತ್ತಿದ್ದರು, ಆದರೆ ನಾನಿದ್ದ ಮೂರು ವರ್ಷಗಳಲ್ಲಿ ಉದ್ಘಾಟನೆಯ ಬ್ಯಾನರ್ ಬಿಟ್ಟರೆ ಬೇರೇನೂ ನಡೆದದ್ದು ಕಾಣೆ. ಎನ್‌ಬಿಎ, ಅಂದರೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮಾನ್ಯತೆಗಾಗಿ ಕಾಲೇಜು ಸಲ್ಲಿಸುವ ಸ್ವಮೌಲ್ಯಮಾಪನ ವರದಿಯಲ್ಲಿ ವೃತ್ತಿಪರ ಸಂಘಗಳ ಚಟುವಟಿಕೆಗೆ ಅಂಕಗಳಿವೆ. ಆ ಅಂಕಗಳ ಆಚೆಗೆ ಆಡಳಿತ ಮಂಡಳಿಯ ಆಸಕ್ತಿ ಹೋಗಲಿಲ್ಲ. ಆ ಮಕ್ಕಳ ಹಣ ನೆನೆದರೆ ಈಗಲೂ ಸಂಕಟವಾಗುತ್ತದೆ. ಈಗಿರುವ ಕಾಲೇಜಿನಲ್ಲಿ ಸಂಯೋಜಕರು ತಿಂಗಳಿಗೊಮ್ಮೆ, ಒಂದು ಗಂಟೆ ಮಾತ್ರ, ಆಸಕ್ತ ಅಧ್ಯಾಪಕರನ್ನು ಸೇರಿಸುತ್ತಾರೆ. ಯಾರಾದರೊಬ್ಬರು ತಮ್ಮ ಐಎ ಟೆಸ್ಟಿನ (ಆಂತರಿಕ ಮೌಲ್ಯಮಾಪನದ) ಪ್ರಶ್ನೆಪತ್ರಿಕೆಯನ್ನು ತಂದಿಡಬೇಕು, ಉಳಿದವರು ಅದರಲ್ಲಿ ಯಾವ ಪ್ರಶ್ನೆ ಬಾಯಿಪಾಠವನ್ನು ಅಳೆಯುತ್ತದೆ, ಯಾವುದು ತಿಳಿವಳಿಕೆಯನ್ನು ಅಳೆಯುತ್ತದೆ ಎಂದು ಹೇಳಬೇಕು. ಎಂಜಿನಿಯರಿಂಗ್ ಪದವಿಗಳಿಗೆ ದೇಶದೇಶಗಳ ನಡುವೆ ಮನ್ನಣೆ ಕೊಡಿಸುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾಗಿ ಭಾರತ 2014ರಲ್ಲಿ ಸೇರಿದ ಮೇಲೆ, ಒಂದು ವಿಷಯದ ಕಲಿಕೆಯ ಗುರಿಗಳನ್ನು ಇಡೀ ಪದವಿಯ ಗುರಿಗಳಿಗೆ ಹೊಂದಿಸುವ ಸಿಒ-ಪಿಒ ಮ್ಯಾಪಿಂಗ್, ಆ ಗುರಿಗಳು ಎಷ್ಟು ಈಡೇರಿದವೆಂದು ತೋರಿಸುವ ಅಟೈನ್‌ಮೆಂಟ್ ಎಂಬ ಕೋಷ್ಟಕಗಳನ್ನು ತುಂಬುವುದರಲ್ಲೇ ನಮ್ಮ ಸೆಮಿಸ್ಟರ್‌ನ ಕೊನೆ ಕಳೆಯುತ್ತದೆ. ಆ ಕೋಷ್ಟಕದ ಹಿಂದಿರುವ ವಿಚಾರ ನನಗೆ ಸ್ಪಷ್ಟವಾದದ್ದು ಈ ಒಂದು ಗಂಟೆಯ ಕೂಟಗಳಲ್ಲೇ.

ಬೇರೆ ಆಯ್ಕೆಗಳಿಲ್ಲವೇ ಎಂದರೆ ಇವೆ. 1920ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಶನ್ ಆಫ್ ಎಂಜಿನಿಯರ್ಸ್ ಘನವಾದ ಸಂಸ್ಥೆ, ಆದರೆ ಅದು ಎಂಜಿನಿಯರುಗಳದ್ದು. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇಯ ಅಟಲ್ ಅಕಾಡೆಮಿ ನಡೆಸುವ ಎಫ್‌ಡಿಪಿಗಳು, ಅಂದರೆ ಅಧ್ಯಾಪಕರ ತರಬೇತಿ ಕಾರ್ಯಕ್ರಮಗಳು, ಹೊಸ ತಂತ್ರಜ್ಞಾನ ತಿಳಿಯಲು ಚೆನ್ನಾಗಿವೆ, ಮುಗಿದ ಮೇಲೆ ಗುಂಪು ಚದುರಿಹೋಗುತ್ತದೆ.

ನನಗಿರುವ ದೊಡ್ಡ ಕೊರಗು ಭಾಷೆಯದು. ನನ್ನ ತರಗತಿಗೆ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಮೊದಲ ಸೆಮಿಸ್ಟರ್‌ನಲ್ಲಿ ಅವರಿಗೆ ಕಷ್ಟವಾಗುವುದು ವಿಷಯವಲ್ಲ, ವಾಕ್ಯ. ಎಐಸಿಟಿಇ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ತಂದಿದೆ. ಆದರೆ ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ಎರಡು ಭಾಷೆಗಳ ನಡುವೆ ಪಾಠವನ್ನು ಹೇಗೆ ನಡೆಸಬೇಕೆಂದು ಅಧ್ಯಾಪಕರಿಗೆ ತಿಳಿಸಿಕೊಡುವ ಕಾರ್ಯಾಗಾರಕ್ಕೆ ನಾನು ಇದುವರೆಗೆ ಹೋಗಿಲ್ಲ, ಕರೆಯೂ ಬಂದಿಲ್ಲ. ರಾಜ್ಯ ವಿಭಾಗವೊಂದು ಕೈಗೆತ್ತಿಕೊಳ್ಳಲು ಇದಕ್ಕಿಂತ ತಕ್ಕ ಕೆಲಸವನ್ನು ನಾನು ಯೋಚಿಸಲಾರೆ.

ಸೇವೆಗೆ ಸೇರಿ ಐದು ವರ್ಷದೊಳಗಿರುವವರು, ಅದರಲ್ಲೂ ಪಾಲಿಟೆಕ್ನಿಕ್‌ಗಳಲ್ಲಿರುವವರು, ಸದಸ್ಯರಾಗಲಿ ಎಂಬುದೇ ನನ್ನ ಸಲಹೆ. ಫಾರಂಗೆ ಸಹಿ ಹಾಕುವ ಮೊದಲು ನಿಮ್ಮ ಕಾಲೇಜಿನ ಸಂಯೋಜಕರು ಯಾರೆಂದು ಕೇಳಿ, ಕಳೆದ ಎರಡು ವರ್ಷಗಳಲ್ಲಿ ನಡೆದ ಕಾರ್ಯಕ್ರಮಗಳ ಪಟ್ಟಿಯನ್ನು ತರಿಸಿ ನೋಡಿ. ಪಟ್ಟಿ ಖಾಲಿಯಿದ್ದರೂ ಸೇರಬಹುದು, ಆದರೆ ಆಗ ಆ ಸಂಯೋಜಕರ ಕೆಲಸವನ್ನು ನೀವೇ ವಹಿಸಿಕೊಳ್ಳಲು ಸಿದ್ಧರಿರಬೇಕು.