ಹೊರಗೆ ಧಾರಾವಾಹಿ, ಒಳಗೆ ಸಿನಿಮಾ: ‘ಎಡ್ಜ್ ಆಫ್ ಡಾರ್ಕ್‌ನೆಸ್’ ಡಿವಿಡಿ ಕೊಳ್ಳುವವರು ಎಚ್ಚರ

ಬಿಬಿಸಿಯ ಹಳೆಯ ಧಾರಾವಾಹಿ ‘ಎಡ್ಜ್ ಆಫ್ ಡಾರ್ಕ್‌ನೆಸ್’ನ ಆರೂ ಕಂತುಗಳು ಸಿಗುತ್ತವೆ ಎಂದು ನಂಬಿ 1,850 ರೂಪಾಯಿ ಕೊಟ್ಟು, ಅದೇ ಹೆಸರಿನ ಎರಡು ತಾಸಿನ ಸಿನಿಮಾವನ್ನು ಮನೆಗೆ ತರಿಸಿಕೊಂಡವನು ನಾನು. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಮಕ್ಕಳಿಗೆ ‘ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ’ ಎಂದು ಹೇಳುತ್ತ ಬಂದವನೇ ಡಬ್ಬಿಯ ಬೆನ್ನನ್ನು ಓದದೆ ಮೋಸಹೋದೆ.

ಆ ಧಾರಾವಾಹಿ ನನಗೇಕೆ ಬೇಕಿತ್ತೆಂಬುದನ್ನು ಮೊದಲು ಹೇಳಬೇಕು. ಮೂವತ್ತು ವರ್ಷಗಳ ಹಿಂದೆ ಮುಂಬಯಿಯ ನೆಂಟರ ಮನೆಯಲ್ಲಿ ಕ್ಯಾಸೆಟ್ ಹಾಕಿಸಿಕೊಂಡು ಅದರ ಎರಡು ಕಂತುಗಳನ್ನು ನೋಡಿದ್ದೆ. ಯಾರ್ಕ್‌ಷೈರಿನ ಪೊಲೀಸ್ ಅಧಿಕಾರಿ ಕ್ರೇವನ್‌ನ ಕಣ್ಣೆದುರೇ ಮಗಳು ಗುಂಡೇಟಿಗೆ ಬಲಿಯಾಗುತ್ತಾಳೆ; ಗುಂಡು ಅಪ್ಪನಿಗೆ ಗುರಿಯಿಟ್ಟದ್ದೆಂದು ಉಳಿದವರು ಭಾವಿಸುತ್ತಿರುವಾಗ, ಅವನಿಗೆ ಮಗಳ ಕೋಣೆಯಲ್ಲಿ ಒಂದು ಪಿಸ್ತೂಲೂ ವಿಕಿರಣ ಅಳೆಯುವ ಗೈಗರ್ ಕೌಂಟರೂ ಸಿಗುತ್ತವೆ, ಅಲ್ಲಿಂದ ಜಾಡು ನಾರ್ತ್‌ಮೂರ್ ಎಂಬ ಅಣುತ್ಯಾಜ್ಯದ ನೆಲೆಗೆ ಒಯ್ಯುತ್ತದೆ. 1985ರಲ್ಲಿ ಪ್ರಸಾರವಾದ ಈ ಕಥೆ ಕಾರವಾರದವರಿಗೆ ಪರದೇಶದ ಕಥೆಯಲ್ಲ. ಕಾಳಿ ನದಿಯ ಗುಂಟ ಮೇಲಕ್ಕೆ ಹೋದರೆ ಕೈಗಾ ಅಣುವಿದ್ಯುತ್ ಸ್ಥಾವರ. ಅದು ಬೇಡವೆಂದು ಶಿವರಾಮ ಕಾರಂತರು ದನಿಯೆತ್ತಿ, 1989ರಲ್ಲಿ ಇಲ್ಲಿಂದಲೇ ಲೋಕಸಭೆಗೆ ಸ್ಪರ್ಧಿಸಿದ್ದನ್ನು ಕಂಡ ತಲೆಮಾರು ನಮ್ಮದು. ಅದಕ್ಕಾಗಿಯೇ ಉಳಿದ ನಾಲ್ಕು ಕಂತುಗಳ ಆಸೆ ನನ್ನಲ್ಲಿ ಇಷ್ಟು ವರ್ಷ ಆರದೆ ಉಳಿದಿತ್ತು.

ಮಾರಾಟಗಾರ ಹಾಕಿದ್ದ ಚಿತ್ರದಲ್ಲಿ ಇದ್ದದ್ದು ಧಾರಾವಾಹಿಯಲ್ಲಿ ಕ್ರೇವನ್ ಆಗಿದ್ದ ಬಾಬ್ ಪೆಕ್‌ನ ಮುಖ. ಕೆಳಗೆ ‘ಆರು ಕಂತು, ಒರಿಜಿನಲ್, ಬ್ರಿಟನ್‌ನಿಂದ ತರಿಸಿದ್ದು’ ಎಂದು ಸ್ಪಷ್ಟವಾಗಿ ಬರೆದಿತ್ತು. ಒಂದು ಪ್ರದೇಶದ ಡಿವಿಡಿ ಇನ್ನೊಂದರ ಪ್ಲೇಯರಿನಲ್ಲಿ ಓಡದಂತೆ ‘ರೀಜನ್’ ಎಂಬ ಬೀಗ ಇರುತ್ತದೆ; ಬ್ರಿಟನ್ನಿನ ಡಿವಿಡಿಗಳು ರೀಜನ್ 2ರವು, ಭಾರತದ್ದು ರೀಜನ್ 5, ಹಾಗಾಗಿ ನನ್ನ ಪ್ಲೇಯರಿನಲ್ಲಿ ಓಡುವುದೇ ಎಂದು ಕೇಳಿದ್ದಕ್ಕೆ, ‘ಎಲ್ಲದರಲ್ಲೂ ಓಡುತ್ತದೆ ಸಾರ್, ಚಿಂತೆ ಬೇಡ’ ಎಂಬ ಉತ್ತರ ಅರ್ಧ ನಿಮಿಷದಲ್ಲಿ ಬಂತು. ಹಣ ಕಳಿಸುವ ಮುನ್ನ ಅವನ ಉತ್ತರಗಳೆಲ್ಲ ಅರ್ಧ ನಿಮಿಷದಲ್ಲೇ ಬರುತ್ತಿದ್ದವು ಎಂಬುದು ಈಗ ನೆನಪಾಗುತ್ತಿದೆ.

ಡಬ್ಬಿ ಬಂದದ್ದು ಆಷಾಢದ ಜಡಿಮಳೆಯ ದಿನ. ಹೊದಿಕೆಯಲ್ಲಿ ಅದೇ ಬಾಬ್ ಪೆಕ್. ಆರು ಕಂತುಗಳು ಒಂದೇ ಡಿಸ್ಕಿನಲ್ಲಿ ಹೇಗೆ ಹಿಡಿಸಿದವು ಎಂಬ ಸಂಶಯ ಬರದೆ ಇರಲಿಲ್ಲ, ಬಂದ ಸಂಶಯವನ್ನು ಸಂತೋಷದಲ್ಲಿ ನುಂಗಿಕೊಂಡೆ. ಕಾಜೂಬಾಗದ ನಮ್ಮ ಮನೆಗೆ ಆರು ಸಂಜೆ ಬರಬೇಕೆಂದು ನಾಲ್ಕು ಜನರಿಗೆ ಹೇಳಿಯೂ ಆಗಿತ್ತು. ಅವರಲ್ಲಿ ಒಬ್ಬರು ಕದ್ರಾ ಅಣೆಕಟ್ಟಿನಿಂದ ನೆಲ ಕಳೆದುಕೊಂಡ ಕುಟುಂಬದವರು. ಕೈಗಾ ಎಂದರೆ ಇವತ್ತಿಗೂ ಮಾತು ನಿಲ್ಲಿಸುವವರು. ಅವರನ್ನು ಕರೆದದ್ದೇ ಈ ಕಥೆಯನ್ನು ತೋರಿಸಲೆಂದು.

ಅವಲಕ್ಕಿ, ಚಹಾ ಮುಗಿಯಿತು. ಡಿಸ್ಕ್ ಹಾಕಿದ ಕೂಡಲೇ ಓಡಿತು. ರೀಜನ್‌ನ ತಕರಾರಿಲ್ಲದೆ ಓಡಿತಲ್ಲ ಎಂದು ನಾನು ಹಿಗ್ಗಿದೆ. ಬ್ರಿಟನ್ನಿನ ಡಿಸ್ಕ್ ಆಗಿದ್ದರೆ ನನ್ನ ಪ್ಲೇಯರ್ ತಕರಾರು ತೆಗೆಯದೆ ಇರುತ್ತಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಪರದೆಯ ಮೇಲೆ ಮೆನು ಮೂಡಿತು. ತಂಗಿಯ ಮಗ ಮೆಲ್ಲಗೆ ಕೇಳಿದ: ‘ಮಾವ, ಇದು ಮೆಲ್ ಗಿಬ್ಸನ್ ಅಲ್ಲವೇ?’

ನಾನೇನು ಹೇಳಿದೆ ಗೊತ್ತೇ? ‘ಇದ್ದೀತು, ಪೀಠಿಕೆಗೆ ಯಾರನ್ನೋ ಮಾತಾಡಿಸಿರಬೇಕು’ ಎಂದೆ. ಹಾಗೆಂದು ಹೇಳಿ ಸಿನಿಮಾವನ್ನು ಓಡಲೂ ಬಿಟ್ಟೆ. ಧಾರಾವಾಹಿಗೆ ಎರಿಕ್ ಕ್ಲ್ಯಾಪ್ಟನ್ ಮತ್ತು ಮೈಕೆಲ್ ಕೇಮೆನ್ ಕೊಟ್ಟ ಸಂಗೀತದ ಆ ಗಿಟಾರ್ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಹದಿನೈದು ನಿಮಿಷವಾದ ಮೇಲೆ ಕದ್ರಾದವರು, ‘ಮಾಸ್ತರೇ, ಇಂಗ್ಲೆಂಡ್ ಎಂದಿದ್ದಿರಿ, ಇದು ಅಮೆರಿಕ ಇದ್ದಂತಿದೆಯಲ್ಲ’ ಎಂದರು. ಅವರು ನಗಲಿಲ್ಲ, ನಕ್ಕಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಕನ್ನಡಕ ಹಾಕಿಕೊಂಡು ಡಬ್ಬಿಯನ್ನು ದೀಪದ ಕೆಳಗೆ ಹಿಡಿದೆ. ಹೊದಿಕೆಯ ಅಂಚು ಒಂದು ಕಡೆ ತುಸು ಓರೆಯಾಗಿ ಕತ್ತರಿಸಿತ್ತು. ಪ್ಲಾಸ್ಟಿಕ್ಕಿನ ಒಳಗೆ ಉಗುರು ತೂರಿಸಿ ಹಾಳೆಯನ್ನು ಎಳೆದರೆ, ಅದು ಯಾವುದೋ ಅಂಗಡಿಯಲ್ಲಿ ತೆಗೆಸಿದ ಬಣ್ಣದ ಪ್ರಿಂಟು. ಅದರ ಹಿಂದೆ ಸಿನಿಮಾದ ಅಸಲಿ ಹೊದಿಕೆ ಹಾಗೆಯೇ ಕುಳಿತಿತ್ತು, ಮೆಲ್ ಗಿಬ್ಸನ್‌ನ ಮುಖ, ಬೆನ್ನಿನಲ್ಲಿ 2010, 117 ನಿಮಿಷ, ಮೂಲೆಯಲ್ಲಿ ಅರ್ಧ ಕಿತ್ತ 299 ರೂಪಾಯಿಯ ಚೀಟಿ. ಆ ಚೀಟಿಯನ್ನು ಪೂರ್ತಿ ಕೀಳುವ ಕಷ್ಟವನ್ನೂ ಆತ ತೆಗೆದುಕೊಂಡಿರಲಿಲ್ಲ.

ಮರುದಿನ ಫೋನು ಮಾಡಿದೆ. ಅವನ ಉತ್ತರಗಳನ್ನು ಹೇಳಿದ ಕ್ರಮದಲ್ಲೇ ಕೊಡುತ್ತೇನೆ.

‘ಹೆಸರು ಅದೇ ಇದೆಯಲ್ಲ ಸಾರ್?’ ಎಂಬುದು ಮೊದಲನೆಯದು. ನಾನು ಕೇಳಿದ್ದು ಧಾರಾವಾಹಿ ಎಂದಾಗ, ‘ಡೈರೆಕ್ಟರೂ ಅವರೇ, ಬೇಕಾದರೆ ನೋಡಿ’ ಎಂದ. ಇದು ನಿಜ, ಮಾರ್ಟಿನ್ ಕ್ಯಾಂಪ್‌ಬೆಲ್ ಎರಡನ್ನೂ ನಿರ್ದೇಶಿಸಿದ್ದಾರೆ. ಅಷ್ಟು ಗೊತ್ತಿದ್ದವನಿಗೆ ಎರಡೂ ಬೇರೆ ಎಂಬುದು ಗೊತ್ತಿರಲಿಲ್ಲವೇ? ಆರು ಕಂತು ಎಂದು ಬರೆದಿದ್ದಿರಲ್ಲ ಎಂದು ದನಿಯೇರಿಸಿದ್ದಕ್ಕೆ ಬಂದ ಮಾತನ್ನು ನಾನು ಸಾಯುವವರೆಗೆ ಮರೆಯಲಾರೆ: ‘ಆರು ಕಂತಿನ ಕಥೆಯೂ ಅದರಲ್ಲೇ ಇದೆ ಸಾರ್. ಎರಡು ತಾಸಿನಲ್ಲಿ ಮುಗಿಯುತ್ತದೆ, ನಿಮ್ಮ ಟೈಮೂ ಉಳಿಯಿತು.’ ನಕಲಿ ಹೊದಿಕೆ ಏಕೆ ಎಂದದ್ದಕ್ಕೆ, ಅದು ಅಲಂಕಾರಕ್ಕಂತೆ. ಹಣ ವಾಪಸು ಎಂದದ್ದಕ್ಕೆ, ಸೀಲು ಒಡೆದ ಮೇಲೆ ಇಲ್ಲವಂತೆ. ಸೀಲು ಒಡೆಯದೆ ಒಳಗಿನದು ತಿಳಿಯುವುದು ಹೇಗೆ ಎಂದದ್ದಕ್ಕೆ ಉತ್ತರವೇ ಬರಲಿಲ್ಲ. ಸಂಜೆಯ ಹೊತ್ತಿಗೆ ನನ್ನ ನಂಬರನ್ನು ಬ್ಲಾಕ್ ಮಾಡಿದ್ದ.

ಸಿನಿಮಾದ ಮೇಲೆ ನನಗೆ ಹಗೆಯಿಲ್ಲ. ಬೇರೊಂದು ದಿನ ಟೀವಿಯಲ್ಲಿ ಬಂದಿದ್ದರೆ ನೋಡಿ ಮಲಗುತ್ತಿದ್ದೆ. ಆದರೆ ಟ್ರಾಯ್ ಕೆನೆಡಿ ಮಾರ್ಟಿನ್ ಐದು ತಾಸಿಗೂ ಹೆಚ್ಚು ಕಾಲ ಹರಡಿ ಬರೆದದ್ದನ್ನು, ಬ್ರಿಟನ್ನಿನ ಸಿನಿಮಾ-ಟೀವಿ ಪ್ರಶಸ್ತಿಯಾದ ಬಾಫ್ತಾವನ್ನು ಆರು ಪಡೆದದ್ದನ್ನು, 117 ನಿಮಿಷಕ್ಕೆ ಇಳಿಸಿದಾಗ ಮೊದಲು ಹೋಗುವುದು ಆ ಅಪ್ಪನ ಮೌನ. ಯಾರ್ಕ್‌ಷೈರಿನ ಕ್ರೇವನ್ ಮಗಳ ಕೋಣೆಯಲ್ಲಿ ಸುಮ್ಮನೆ ಕುಳಿತುಕೊಳ್ಳುತ್ತಾನೆ. ಸಿನಿಮಾದ ಬಾಸ್ಟನ್ನಿನ ಕ್ರೇವನ್‌ಗೆ ಕೂರಲು ಪುರಸೊತ್ತಿಲ್ಲ. ನಾನು ದುಡ್ಡು ಕೊಟ್ಟದ್ದು ಆ ಕೂರುವುದಕ್ಕೆ.

ಕೊಳ್ಳುವವರು ಡಬ್ಬಿಯ ಬೆನ್ನಿನ ಫೋಟೊ ಕೇಳಿ ಪಡೆಯಿರಿ, ಡಿಸ್ಕಿನ ಫೋಟೊವನ್ನೂ ಕೇಳಿ. ನಿಮಿಷ ಎಷ್ಟು, ಇಸವಿ ಯಾವುದು ಎಂದು ಓದಿ, ಕನ್ನಡಕ ಹಾಕಿಕೊಂಡೇ ಓದಿ. ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ತೆಗೆದುಕೊಳ್ಳಿ. ‘ಸಾರ್’ ಎಂದು ಮಾತಿಗೊಮ್ಮೆ ಕರೆಯುವವನಿಗೆ ಮುಂಗಡ ಹಣ ಕೊಡಬೇಡಿ. ಇದು ಅನ್ಯಾಯದ ಮಾತೆಂದು ಗೊತ್ತು, ಆದರೂ ಹೇಳುತ್ತೇನೆ.

ನಿನ್ನೆ ತಂಗಿಯ ಮಗನ ಮೊಬೈಲಿನಲ್ಲಿ ನೋಡಿದೆ. ಅದೇ ಬಾಬ್ ಪೆಕ್, ಅದೇ ‘ಆರು ಕಂತು, ಒರಿಜಿನಲ್’. ಬೆಲೆ ಮಾತ್ರ 1,950 ಆಗಿದೆ.