ಕತ್ತುನೋವಿಗೆ ದುಡ್ಡು ಕೊಡಿಸುವ ಕಂಪನಿ: ಐದಕ್ಕೆ ಎರಡೂವರೆ ಸ್ಟಾರ್

ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥವು ಬೇಕಾದಷ್ಟಿವೆ, ಎಲ್ಲರೂ ಮಾಡುವ ಕೆಲಸ ಹೆಚ್ಚುಕಮ್ಮಿ ಒಂದೇ. ಕಾರಿಗೆ ಕಾರು ತಗುಲಿ ನಿಮಗೆ ಸಣ್ಣ ಪೆಟ್ಟಾದರೆ, ಗುದ್ದಿದವರ ಇನ್ಶೂರೆನ್ಸಿನಿಂದ ಪರಿಹಾರ ಕೊಡಿಸುತ್ತಾರೆ. ದುಡ್ಡು ಬಂದರೆ ಅದರಲ್ಲಿ ಕಾಲು ಭಾಗ ಅವರಿಗೆ. ಬರದಿದ್ದರೆ ನೀವು ಏನೂ ಕೊಡಬೇಕಾಗಿಲ್ಲ. ನನ್ನ ಕೇಸ್ ಮುಗಿದ ಮಾರನೇ ದಿನವೇ "ನಮ್ಮ ಸೇವೆ ಹೇಗಿತ್ತು ಸರ್, ಸ್ಟಾರ್ ಕೊಡಿ" ಅಂತ ಮೆಸೇಜ್ ಬಂತು. ಬರೆಯೋಕೆ ಇಷ್ಟೇ ಇಷ್ಟು ಜಾಗ ಕೊಟ್ಟಿದ್ದರು. ಅದು ನನಗೆ ಸಾಲಲಿಲ್ಲ.

ಮೊದಲು ನಡೆದದ್ದು ಹೇಳುತ್ತೇನೆ. ಸಿಗ್ನಲ್‌ನಲ್ಲಿ ನಿಂತಿದ್ದೆ. ಹಿಂದಿನಿಂದ ಒಂದು ಕಾರು ಬಂದು ಗುದ್ದಿತು. ಗುದ್ದಿತು ಅನ್ನುವುದೂ ಜಾಸ್ತಿಯೇ. ಧಡ್ ಅಂತ ಒಂದು ಸದ್ದು, ಡ್ಯಾಶ್‌ಬೋರ್ಡ್ ಮೇಲಿದ್ದ ಕನ್ನಡಕದ ಡಬ್ಬಿ ಜಾರಿ ನನ್ನ ತೊಡೆ ಮೇಲೆ ಬಿತ್ತು, ಅಷ್ಟೆ. ಬಂಪರ್ ಒಂದು ಮೂಲೆಯಲ್ಲಿ ಒಳಗೆ ಹೋಗಿತ್ತು. ಇಳಿದು ಬಂದ ಹುಡುಗನಿಗೆ ಇಪ್ಪತ್ತು ದಾಟಿತ್ತೋ ಇಲ್ಲವೋ. ಕೈ ನಡುಗುತ್ತಿತ್ತು. "ತಪ್ಪು ನಂದೇ ಅಂಕಲ್, ಬ್ರೇಕ್ ಬದಲು ಕ್ಲಚ್ ಒತ್ಬಿಟ್ಟೆ" ಅಂದ. ನಾನು "ಏನೂ ಆಗಿಲ್ಲ ಬಿಡಪ್ಪ" ಅಂದೆ. ಇಬ್ಬರೂ ಫೋನ್ ನಂಬರ್ ಬರೆದುಕೊಂಡೆವು, ಫೋಟೋ ತೆಗೆದುಕೊಂಡೆವು, ಹೊರಟೆವು.

ಮಾರನೇ ಬೆಳಿಗ್ಗೆ ಎದ್ದರೆ ಕತ್ತು ಎಡಗಡೆ ತಿರುಗುತ್ತಿಲ್ಲ. ಯಾರಾದರೂ ಕರೆದರೆ ಇಡೀ ಮೈಯನ್ನೇ ಬಾಗಿಲಿನ ಹಾಗೆ ತಿರುಗಿಸಬೇಕು. ಡಾಕ್ಟರ್ ಮುಟ್ಟಿ, ಒತ್ತಿ ನೋಡಿದರು. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಇರುವುದೂ ಇಲ್ಲವಂತೆ, ಯಾಕೆಂದರೆ ಏಟು ಬಿದ್ದಿರುವುದು ಮೂಳೆಗಲ್ಲ, ಮಾಂಸಖಂಡಕ್ಕೆ. ಅವತ್ತು ಗೊತ್ತಾಗದೆ ಮಾರನೇ ದಿನ ಹಿಡಿದುಕೊಳ್ಳುವುದು ಮಾಮೂಲಂತೆ. ಇದಕ್ಕೆ ವಿಪ್‌ಲ್ಯಾಶ್ ಅನ್ನುತ್ತಾರೆ. 1928ರಲ್ಲಿ ಹೆರಾಲ್ಡ್ ಕ್ರೋ ಅನ್ನುವ ಅಮೆರಿಕದ ಡಾಕ್ಟರ್ ಇಟ್ಟ ಹೆಸರು. ಚಾಟಿ ಬೀಸಿದ ಹಾಗೆ ಕತ್ತು ಹಿಂದೆ ಮುಂದೆ ಆಡುತ್ತದೆ ಅಂತ. ಅದು ಕತ್ತು ಆಡಿದ ರೀತಿಗೆ ಇಟ್ಟ ಹೆಸರು. ಬರಬರುತ್ತಾ ಕಾಯಿಲೆಯ ಹೆಸರೇ ಆಗಿಹೋಯಿತು. 1995ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಪರಿಣತರೆಲ್ಲ ಕೂತು ಇದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ ಮಾಡಿದರು. ಸೊನ್ನೆ ಅಂದರೆ ಏನೂ ಇಲ್ಲ, ನಾಲ್ಕು ಅಂದರೆ ಮೂಳೆ ಮುರಿದಿದೆ ಅಥವಾ ಜಾಗ ತಪ್ಪಿದೆ. ನನ್ನದು ಎರಡು: ನೋವಿದೆ, ಕತ್ತು ಪೂರ್ತಿ ತಿರುಗುವುದಿಲ್ಲ, ನರಕ್ಕೆ ಏನೂ ಆಗಿಲ್ಲ. "ಪಟ್ಟಿ ಗಿಟ್ಟಿ ಬೇಡ, ಮಲಗಿಬಿಡಬೇಡಿ, ಓಡಾಡಿಕೊಂಡಿರಿ" ಅಂದರು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ನನ್ನದು ಪುಸ್ತಕಗಳಿಗೆ ಪುಟ ಜೋಡಿಸುವ ಕೆಲಸ. ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಮುಂದೆ. ಸಂಜೆ ಹೊತ್ತಿಗೆ ಬಲಗಡೆ ಭುಜದಿಂದ ಕತ್ತಿನವರೆಗೆ ಹಿಡಿದುಕೊಳ್ಳುವುದು ಹಳೇ ಕಥೆ. ಅದಕ್ಕಾಗಿ ಯಾವತ್ತೂ ಡಾಕ್ಟರ ಹತ್ತಿರ ಹೋಗಿದ್ದಿಲ್ಲ. ಹೆಂಡತಿಗೆ ಹೇಳಿದರೆ "ಕುರ್ಚಿ ಬದಲಾಯಿಸಿ" ಅನ್ನುತ್ತಾಳೆ, ನಾನು ಬದಲಾಯಿಸುವುದಿಲ್ಲ.

ಕಂಪನಿಯ ಫೋನ್ ಬಂದಿದ್ದು ಮೂರನೇ ದಿನ. ನಾನು ಅವರನ್ನು ಕರೆದಿರಲಿಲ್ಲ. ನಂಬರ್ ಹೇಗೆ ಸಿಕ್ಕಿತು ಅಂದರೆ "ನಮ್ಮ ಸಿಸ್ಟಮ್‌ನಲ್ಲಿ ಬಂದಿದೆ ಸರ್" ಅಂದರು. ಸಿಸ್ಟಮ್ಮಿಗೆ ಹೇಗೆ ಬಂತು ಅನ್ನುವುದಕ್ಕೆ ಉತ್ತರ ಇಲ್ಲ. ಅರ್ಧ ಸ್ಟಾರ್ ಅಲ್ಲೇ ಹೋಯಿತು.

ಒಳ್ಳೆಯದನ್ನೂ ಹೇಳಬೇಕಲ್ಲ. ಫೋನ್ ಮಾಡಿದರೆ ಎತ್ತುತ್ತಾರೆ. ಕೇಸ್ ಪೂರ್ತಿ ಒಬ್ಬಳೇ ಹುಡುಗಿ ನೋಡಿಕೊಂಡಳು, ಪ್ರತಿ ಸಲ ಮೊದಲಿಂದ ಕಥೆ ಹೇಳುವ ಕಷ್ಟ ಇರಲಿಲ್ಲ. ಯಾವ ರಸೀತಿ ಇಟ್ಟುಕೊಳ್ಳಬೇಕು, ಯಾವ ಕಾಗದಕ್ಕೆ ಸಹಿ ಮಾಡಬಾರದು ಅಂತ ಬಿಡಿಸಿ ಹೇಳಿದಳು. ಅವರು ಕಳಿಸಿಕೊಟ್ಟ ಫಿಸಿಯೊ ಬಂಗಾರದಂಥ ಮನುಷ್ಯ. ಆರು ಸಲ ಹೋದೆ, ಹತ್ತೊಂಬತ್ತನೇ ದಿನಕ್ಕೆ ಕತ್ತು ಎರಡೂ ಕಡೆ ತಿರುಗಿತು. ಕಂಪನಿ ಇಲ್ಲದಿದ್ದರೆ ನಾನು ಖಂಡಿತ ಹೋಗುತ್ತಿರಲಿಲ್ಲ. ಎಣ್ಣೆ ಹಚ್ಚಿಕೊಂಡು ಗೊಣಗುತ್ತಾ ಕೂತಿರುತ್ತಿದ್ದೆ.

ಇನ್ನು ಫಾರಂ. ಒಟ್ಟು ಹನ್ನೊಂದು ಪುಟ. ಮೂರನೇ ಪುಟದಲ್ಲಿ ಒಂದು ಮನುಷ್ಯನ ಚಿತ್ರ, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಕಣ್ಣಿಲ್ಲ, ಮೂಗಿಲ್ಲ, ಮಕ್ಕಳು ಬಣ್ಣ ತುಂಬುವ ಬೊಂಬೆ ಹಾಗೆ. ನೋವಿರುವ ಜಾಗಕ್ಕೆ ಪೆನ್ನಿನಿಂದ ಗೆರೆ ತುಂಬಬೇಕು. ನಾನು ಕತ್ತಿನ ಎಡಗಡೆ ನಾಲ್ಕು ಗೆರೆ ಎಳೆದೆ. ಸ್ಕ್ಯಾನ್ ಮಾಡಿ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್.

"ಸರ್, ಭುಜ?"

"ಭುಜ ಏನಿಲ್ಲಮ್ಮ."

"ಸ್ವಲ್ಪ ಯೋಚನೆ ಮಾಡಿ ನೋಡಿ ಸರ್. ಕೈ ಮೇಲೆತ್ತಿದಾಗ? ಬೆನ್ನು? ರಾತ್ರಿ ನಿದ್ದೆ ಹೇಗೆ ಬರ್ತಿದೆ? ಕಾರಲ್ಲಿ ಕೂತಾಗ ಭಯ ಗಿಯ?"

ಅವಳು ಒಂದು ಸಲವೂ ಸುಳ್ಳು ಹೇಳಿ ಅನ್ನಲಿಲ್ಲ. ಅದನ್ನು ಒಪ್ಪಿಕೊಳ್ಳಬೇಕು. ಬರೀ ಕೇಳಿದಳು. ಕೇಳಿದ ಮೇಲೆ ನಾನು ಕೈ ಎತ್ತಿ ನೋಡಿದೆ. ಎತ್ತಿದರೆ ಏನೋ ಎಳೆದ ಹಾಗಾಯಿತು. ಬೆನ್ನಿಗೆ ಗಮನ ಕೊಟ್ಟೆ, ಬೆನ್ನೂ ಹಾಗೇ ಅನ್ನಿಸಿತು. ರಾತ್ರಿ ಮಲಗಿ ನಿದ್ದೆ ಬರುತ್ತಿದೆಯಾ ಅಂತ ನೋಡುತ್ತಾ ಕೂತರೆ ಯಾರಿಗೆ ನಿದ್ದೆ ಬರುತ್ತದೆ? ಎರಡನೇ ಸಲ ಕಳಿಸಿದ ಬೊಂಬೆಯಲ್ಲಿ ಸೊಂಟದ ಮೇಲೆ ಅರ್ಧ ಮೈ ಕಪ್ಪಾಗಿತ್ತು. ನನ್ನ ಹೆಂಡತಿ ನೋಡಿ "ಇದ್ಯಾರು, ಲಾರಿ ಕೆಳಗೆ ಸಿಕ್ಕವರಾ?" ಅಂದಳು.

ಇದು ನನ್ನೊಬ್ಬನ ಕಥೆಯಲ್ಲ. ಲಿಥುವೇನಿಯಾದಲ್ಲಿ ಮಾಡಿದ ಒಂದು ಅಧ್ಯಯನ 1996ರಲ್ಲಿ ಪ್ರಕಟವಾಗಿದೆ. ಆಗ ಅಲ್ಲಿ ಇಂಥ ಗಾಯಕ್ಕೆ ಇನ್ಶೂರೆನ್ಸ್ ಇದ್ದವರೇ ಕಮ್ಮಿ, ಕ್ಲೇಮು ಮಾಡುವ ರೂಢಿಯೂ ಇರಲಿಲ್ಲ. ಹಿಂದಿನಿಂದ ಗುದ್ದಿಸಿಕೊಂಡ 202 ಜನರನ್ನು ಒಂದರಿಂದ ಮೂರು ವರ್ಷ ಆದ ಮೇಲೆ ಹುಡುಕಿ ಕೇಳಿದರೆ, ಕತ್ತುನೋವು ಇದೆ ಅಂದವರು ನೂರಕ್ಕೆ 35. ಅಪಘಾತವೇ ಆಗದವರಲ್ಲಿ ಎಷ್ಟು? 33. ಕೆನಡಾದ ಸಸ್ಕಾಚೆವಾನ್‌ನಲ್ಲಿ 1995ರಲ್ಲಿ ಕಾನೂನು ಬದಲಾಯಿಸಿ, ಚಿಕಿತ್ಸೆಗೆ ಕೊಡುತ್ತೇವೆ, ನೋವು ತಿಂದಿದ್ದಕ್ಕೆ ಬೇರೆ ದುಡ್ಡು ಕೊಡುವುದಿಲ್ಲ ಅಂದರು. ಕ್ಲೇಮುಗಳು ನೂರಕ್ಕೆ 28ರಷ್ಟು ಇಳಿದವು. ಕೇಸ್ ಮುಗಿಯಲು ಹಿಡಿಯುವ ಕಾಲ ಅರ್ಧಕ್ಕಿಂತ ಕಮ್ಮಿಯಾಯಿತು. ಇದನ್ನು ಓದಿ "ನೋಡಿ, ಎಲ್ಲಾ ನಾಟಕ" ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಆ ಬೊಂಬೆಗೆ ಬಣ್ಣ ತುಂಬಿದವನು ನಾನೇ, ತುಂಬುವಾಗ ನಾಟಕ ಮಾಡುತ್ತಿರಲಿಲ್ಲ. ದಿನಾ ಯಾರಾದರೂ ಕೇಳುತ್ತಿದ್ದರೆ ನೋವು ಕಿವಿ ನಿಮಿರಿಸಿಕೊಂಡು ಕೂರುತ್ತದೆ.

ಏಳನೇ ಪುಟದ ಪ್ರಶ್ನೆ: "ಅಪಘಾತಕ್ಕೆ ಮುಂಚೆ ಕತ್ತು, ಭುಜದ ತೊಂದರೆ ಇತ್ತೇ?" ನಾನು ಇತ್ತು ಅಂತ ಬರೆಯಲು ಹೊರಟೆ. ಹುಡುಗಿ ತಡೆದಳು.

"ಅದಕ್ಕೆ ಟ್ರೀಟ್‌ಮೆಂಟ್ ತಗೊಂಡಿದ್ರಾ ಸರ್?"

"ಇಲ್ಲ."

"ಮತ್ತೆ ರೆಕಾರ್ಡೇ ಇಲ್ಲವಲ್ಲ. ಇಲ್ಲ ಅಂತ ಬರೀರಿ."

ಸಿಗ್ನಲ್‌ನಲ್ಲಿ ನಾನು ಆ ಹುಡುಗನಿಗೆ "ಏನೂ ಆಗಿಲ್ಲ ಬಿಡಪ್ಪ" ಅಂದಿದ್ದನ್ನು ಹೇಳಿದಾಗಲೂ ಅವಳು ಮೊದಲು ಕೇಳಿದ್ದು "ಬೇರೆ ಯಾರಾದ್ರೂ ಕೇಳಿಸ್ಕೊಂಡ್ರಾ?" ಅಂತ.

ನನ್ನ ದೊಡ್ಡ ತಕರಾರು ಇರುವುದು ಇಲ್ಲೇ. ಮುಚ್ಚಿಡಬೇಕಾದ ಅಗತ್ಯವೇ ಇಲ್ಲದ್ದನ್ನು ಮುಚ್ಚಿಡಿಸುತ್ತಾರೆ. ಅವತ್ತು ಏನೂ ಅನ್ನಿಸದೆ ಮಾರನೇ ದಿನ ನೋವು ಬರುತ್ತದೆ ಅಂತ ಡಾಕ್ಟರೇ ಹೇಳಿದ್ದಾರೆ, ಹಾಗಾಗಿ ನಾನು ಆಡಿದ ಮಾತಿನಲ್ಲಿ ತಪ್ಪೇನಿಲ್ಲ. ಹಳೇ ನೋವಿನ ವಿಷಯವೂ ಅಷ್ಟೆ. ಇಂಗ್ಲಿಷ್ ಕಾನೂನಿನ ಜಾಡಿನಲ್ಲಿ ನಡೆಯುವ ಕೋರ್ಟುಗಳಲ್ಲಿ ಹಳೆಯ ನಿಯಮವೊಂದಿದೆ. ಏಟು ತಿಂದವನ ತಲೆಬುರುಡೆ ಮೊಟ್ಟೆ ಚಿಪ್ಪಿನಷ್ಟು ತೆಳ್ಳಗಿದ್ದರೂ ಹೊಡೆದವನೇ ಹೊಣೆ. ಅವನು ಮೊದಲೇ ಗಟ್ಟಿಮುಟ್ಟಾಗಿರಬೇಕಿತ್ತು ಅನ್ನುವಂತಿಲ್ಲ. ಅಂದರೆ ನನ್ನ ಕತ್ತು ಮೊದಲೇ ಸುಸ್ತಾದ ಕತ್ತು ಅಂತ ಹೇಳಿಕೊಂಡರೂ, ಗುದ್ದಿದ್ದರಿಂದ ಎಷ್ಟು ಕೆಟ್ಟಿತೋ ಅಷ್ಟಕ್ಕೆ ಪರಿಹಾರ ಕೇಳಬಹುದು. ಇಲ್ಲ ಅಂತ ಬರೆದು ಆಮೇಲೆ ಸಿಕ್ಕಿಬಿದ್ದರೆ? ಇಂಗ್ಲೆಂಡಿನಲ್ಲಿ 2015ರ ಒಂದು ಕಾಯಿದೆಯ ಪ್ರಕಾರ, ಕ್ಲೇಮಿನ ಬುಡಕ್ಕೇ ಸೇರಿದ ವಿಷಯದಲ್ಲಿ ಮೋಸ ಮಾಡಿದ್ದಾನೆ ಅಂತ ಕೋರ್ಟಿಗೆ ಅನ್ನಿಸಿದರೆ ಸಾಮಾನ್ಯವಾಗಿ ಇಡೀ ಕ್ಲೇಮನ್ನೇ ತಳ್ಳಿಹಾಕಬೇಕು, ಅದರಲ್ಲಿ ನಿಜವಾದ ನೋವಿನ ಪಾಲೂ ಹೋಗುತ್ತದೆ. ಆ ಅಪಾಯದಲ್ಲಿ ಕಂಪನಿಗೆ ಹೋಗುವುದು ಕಾಲು ಭಾಗ. ಸಹಿ ಮಾಡಿದವನು ನಾನು.

ನಾನು ಇತ್ತು ಅಂತಲೇ ಬರೆದೆ. ಬೊಂಬೆಯನ್ನೂ ಹೊಸದಾಗಿ ತುಂಬಿದೆ, ಮತ್ತೆ ನಾಲ್ಕು ಗೆರೆ. "ಮೊತ್ತ ಕಮ್ಮಿ ಆಗುತ್ತೆ ಸರ್, ಆಮೇಲೆ ನಮ್ಮನ್ನ ಕೇಳ್ಬೇಡಿ" ಅಂದಳು. ಧ್ವನಿಯಲ್ಲಿ ಮೊದಲಿನ ಬೆಣ್ಣೆ ಇರಲಿಲ್ಲ.

ತಪಾಸಣೆಗೆ ನೇಮಿಸಿದ್ದ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ "ಏನು ಕೆಲಸ ಮಾಡ್ತೀರಿ?" ಕಂಪ್ಯೂಟರ್ ಅಂದ ತಕ್ಷಣ ತಲೆ ಆಡಿಸಿದರು. ಹಳೇದು ಎಲ್ಲಿ, ಹೊಸದು ಎಲ್ಲಿ, ಬೆರಳಿಟ್ಟು ತೋರಿಸಿ ಅಂದರು. ಹಳೇದು ಬಲಗಡೆ, ಸಂಜೆ, ಭುಜದಿಂದ ಮೇಲಕ್ಕೆ. ಹೊಸದು ಎಡಗಡೆ, ಬೆಳಿಗ್ಗೆ, ತಿರುಗಿದರೆ ಮಾತ್ರ. ಎರಡು ನಿಮಿಷದಲ್ಲಿ ಬೇರೆ ಬೇರೆ ಮಾಡಿ ಬರೆದುಕೊಂಡರು. ನಾನು ಮುಚ್ಚಿಟ್ಟಿದ್ದರೆ ಆ ಎರಡು ನಿಮಿಷ ಹೇಗಿರುತ್ತಿತ್ತೋ.

ಎದುರಿನ ಇನ್ಶೂರೆನ್ಸಿನವರೂ ಏನು ಸಾಚಾ ಅಲ್ಲ. ಐದನೇ ದಿನವೇ ಫೋನ್ ಮಾಡಿ, ಇವತ್ತೇ ಸಹಿ ಹಾಕಿದರೆ ಇಷ್ಟು ಕೊಡುತ್ತೇವೆ, ಡಾಕ್ಟರ್ ರಿಪೋರ್ಟ್ ಏನೂ ಬೇಡ ಅಂದರು. ನೋವು ಐದು ದಿನದ್ದೋ ಐದು ತಿಂಗಳದ್ದೋ ನನಗೇ ಗೊತ್ತಿಲ್ಲದ ಹೊತ್ತು. ಇಂಗ್ಲೆಂಡಿನಲ್ಲಿ 2021ರ ಮೇ 31ರಿಂದ ವಿಪ್‌ಲ್ಯಾಶ್ ಕೇಸನ್ನು ರಿಪೋರ್ಟ್ ಇಲ್ಲದೆ ಹೀಗೆ ಮುಗಿಸುವ ಹಾಗಿಲ್ಲ. ಯಾಕೆ ಆ ನಿಯಮ ತಂದರು ಅಂತ ಐದನೇ ದಿನ ಅರ್ಥವಾಯಿತು. ನಾನು ಒಪ್ಪಲಿಲ್ಲ ಅಂದ ಮೇಲೆ ಅದೇ ಜನ ರಾಗ ಬದಲಾಯಿಸಿ "ಬಂಪರ್ ಫೋಟೋ ನೋಡಿದ್ವಿ, ಇಷ್ಟಕ್ಕೆಲ್ಲ ಕತ್ತು ನೋಯಲ್ಲ" ಅಂದರು. ಬಂಪರ್‌ಗೆ ಏಟಾಗದಿದ್ದರೆ ಕತ್ತಿಗೂ ಆಗಿಲ್ಲ ಅನ್ನುವ ಲೆಕ್ಕ ಯಾವ ಶಾಲೆಯದೋ. ನಿಜ ಹೇಳುತ್ತೇನೆ, ಅವತ್ತು ಸಿಟ್ಟಿಗೆ ಬೊಂಬೆಯ ಕಾಲಿಗೂ ಬಣ್ಣ ಬಳಿಯಬೇಕು ಅನ್ನಿಸಿತ್ತು.

ಕೊನೆಗೆ ಬಂದಿದ್ದು ಅವರ ವೆಬ್‌ಸೈಟಿನ ಕ್ಯಾಲ್ಕ್ಯುಲೇಟರ್ ಮೊದಲ ದಿನ ತೋರಿಸಿದ್ದರ ಮೂರರಲ್ಲಿ ಒಂದು ಪಾಲು. ಫಿಸಿಯೊ ಖರ್ಚು, ಕೆಲಸ ನಿಂತ ನಾಲ್ಕು ದಿನ, ಅದರ ಮೇಲೆ ನೋವಿನ ಲೆಕ್ಕದಲ್ಲಿ ಸ್ವಲ್ಪ. ಕಾಲು ಭಾಗ ಅವರು ಹಿಡಿದುಕೊಂಡರು. ಉಳಿದದ್ದನ್ನು ತಗೊಂಡೆ. ತಗೊಳ್ಳಬಾರದಿತ್ತು ಅನ್ನುವ ಸ್ನೇಹಿತರೂ ಇದ್ದಾರೆ, ಇನ್ನೂ ಜಾಸ್ತಿ ಕೇಳಬೇಕಿತ್ತು ಅನ್ನುವವರೂ ಇದ್ದಾರೆ. "ಹತ್ತೊಂಬತ್ತು ದಿನ ಗೊಣಗಿದ್ದು ನಿಜ ತಾನೇ? ಸಂಕೋಚ ಯಾಕೆ?" ಅಂದಳು ಹೆಂಡತಿ. ನನಗೂ ಹಾಗೇ ಅನ್ನಿಸುತ್ತದೆ. ಕುರ್ಚಿ ಬದಲಾಯಿಸಿದೆ, ಆ ದುಡ್ಡಿನಿಂದ ಅಲ್ಲ, ನನ್ನದರಿಂದ. ಯಾಕೆ ಅಷ್ಟು ಕಟ್ಟುನಿಟ್ಟು ಅಂದರೆ ನನಗೂ ಗೊತ್ತಿಲ್ಲ.

ಫಿಸಿಯೊಗೆ ಒಂದು ಸ್ಟಾರ್. ಫೋನ್ ಎತ್ತಿದ್ದಕ್ಕೆ, ಕಾಗದ ಪತ್ರಕ್ಕೆ ಒಂದು. ನಾನು ಇತ್ತು ಅಂತ ಬರೆದ ಮೇಲೂ ಕೇಸ್ ಕೈಬಿಡದೆ ಮುಗಿಸಿದ್ದಕ್ಕೆ ಅರ್ಧ.

ಇನ್ನೊಂದು ವಿಷಯಕ್ಕೆ ಸ್ಟಾರ್ ಕಳೆಯಬೇಕಾಗಿರುವುದು ಕಂಪನಿಗೋ ನನಗೋ ಗೊತ್ತಾಗುತ್ತಿಲ್ಲ. ಗುದ್ದಿದ ಮಾರನೇ ದಿನ ಆ ಹುಡುಗ ಮೆಸೇಜ್ ಕಳಿಸಿದ್ದ. "ಅಂಕಲ್, ಕತ್ತು ಗಿತ್ತು ನೋವಿದ್ಯಾ? ಕೇಳು ಅಂದ್ರು ಅಮ್ಮ." ಉತ್ತರ ಬರೆಯುವ ಮುಂಚೆ ಕಂಪನಿ ಬಂತು. ಮೆಸೇಜ್ ವಿಷಯ ಹೇಳಿದೆ. "ಒಳ್ಳೆ ಎವಿಡೆನ್ಸ್ ಸರ್ ಅದು. ನೋವಾಗಿರಬಹುದು ಅಂತ ಅವರಿಗೇ ಅನ್ಸಿದೆ ನೋಡಿ. ಸ್ಕ್ರೀನ್‌ಶಾಟ್ ಕಳಿಸಿ, ರಿಪ್ಲೈ ಮಾಡ್ಬೇಡಿ" ಅಂದರು. ಕಳಿಸಿದೆ. ರಿಪ್ಲೈ ಮಾಡಲಿಲ್ಲ. ಅವನ ಜೇಬಿಂದ ಏನೂ ಹೋಗಲ್ಲ, ಎಲ್ಲಾ ಇನ್ಶೂರೆನ್ಸ್ ದುಡ್ಡು ಅಂತಲೂ ಅಂದಿದ್ದರು. ಮುಂದಿನ ವರ್ಷ ಅವನ ಪ್ರೀಮಿಯಂ ಏರುತ್ತದೆ ಅನ್ನುವುದನ್ನು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಕೇಸ್ ಮುಗಿದ ದಿನ ಬರೆದೆ. "ಕತ್ತು ಸರಿಹೋಗಿದೆಯಪ್ಪ. ಲೇಟಾಯ್ತು. ಅಮ್ಮನಿಗೆ ಹೇಳು." ನಾಲ್ಕು ತಿಂಗಳು ತಡ. ಒಂದು ನಿಮಿಷವೂ ಆಗಿರಲಿಲ್ಲ, ಉತ್ತರ ಬಂತು.

"ಓಕೆ ಅಂಕಲ್, ಥ್ಯಾಂಕ್ಸ್. ಕಾರು ಈಗ ಅಪ್ಪ ಮಾತ್ರ ಓಡ್ಸೋದು."